ರ, ಗ, ಸ, ದ, ಅ ಮೊದಲೇಕೆ? ನಲಿ-ಕಲಿ ತರಗತಿಯ ಪಠ್ಯಕ್ರಮದ ಬಗ್ಗೆ ಒಂದು ಚರ್ಚೆ

ಹೊಸಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳನ್ನು ಈ ಜೂನ್‌ನಲ್ಲಿ ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಒಂದನೇ ತರಗತಿಗೆ ಸೇರಿಸಿದೆವು. ಎರಡೂವರೆ ತಿಂಗಳಾದರೂ ಅವಳ ಸ್ಲೇಟಿನ ಮೇಲೆ ಕಾಣುವುದು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳು. ನನ್ನ ತಾಯಿ ಹೋದ ವಿಜಯದಶಮಿಯ ದಿನ ಅಕ್ಕಿಯ ಮೇಲೆ ಅವಳ ಬೆರಳು ಹಿಡಿದು ‘ಅ’ ಬರೆಸಿದವರು. ಆ ‘ಅ’ ಶಾಲೆಯಲ್ಲಿ ಐದನೆಯದಾಗಿ ಬಂದದ್ದು ಕಂಡು ಅವರಿಗೆ ಸಿಟ್ಟೇ ಬಂದಿದೆ. ಮನೆಗೆ ಬರುವುದು ಒಂದು ಅಭ್ಯಾಸ ಪುಸ್ತಕ ಮಾತ್ರ, ಅದೂ ದಿನಾ ಬರುವುದಿಲ್ಲ. ಮೊನ್ನೆ ಅವಳು ‘ನಾನಿವತ್ತು ಮೂರನೇ ತಟ್ಟೆಯಲ್ಲಿ ಕೂತಿದ್ದೆ’ ಎಂದಳು. ನಾವು ಬಿಸಿಯೂಟದ ಮಾತಿರಬೇಕೆಂದು ಸುಮ್ಮನಾದೆವು. ಆಮೇಲೆ ವಿಚಾರಿಸಿದಾಗ ಅದು ಪಾಠದ ಗುಂಪಿನ ಹೆಸರೆಂದು ತಿಳಿಯಿತು. ಆ ಗುಂಪಿನಲ್ಲಿ ಎರಡನೇ ತರಗತಿಯ ಮಕ್ಕಳೂ ಕೂರುತ್ತಾರಂತೆ.

ನಾನು ದೂರು ಹೇಳಲು ಬಂದಿಲ್ಲ, ತಿಳಿದುಕೊಳ್ಳಲು ಬಂದಿದ್ದೇನೆ. ಈ ಕ್ರಮವನ್ನು ಯಾರು, ಯಾವ ಲೆಕ್ಕದ ಮೇಲೆ ನಿಶ್ಚಯಿಸಿದರು? ನನ್ನ ಮಗು ಹಿಂದೆ ಬಿದ್ದರೆ ಅದು ಶಿಕ್ಷಕರಿಗೆ ಹೇಗೆ ಗೊತ್ತಾಗುತ್ತದೆ? ಇಲ್ಲಿ ಪಾಠ ಮಾಡುವವರು ಇದ್ದೀರಿ, ದಯವಿಟ್ಟು ಬಿಡಿಸಿ ಹೇಳಿ.

ಸೀಮೆಸುಣ್ಣ:

ಹೊಸಮನೆಯವರಿಗೆ ನಮಸ್ಕಾರ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಾರ್ಡುಗಳ ಮೂಲಕ ಕಲಿಯುವ ಈ ಪದ್ಧತಿಗೆ ನಲಿ-ಕಲಿ ಎಂದು ಹೆಸರು. ನಾನು ಹದಿನಾಲ್ಕು ವರ್ಷಗಳಿಂದ ಅಂಥ ತರಗತಿಯನ್ನು ನಡೆಸುತ್ತಿರುವ ಶಿಕ್ಷಕಿ. ತಮ್ಮ ತಾಯಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ, ಏಕೆಂದರೆ ತರಬೇತಿಗೆ ಹೋದ ಮೊದಲ ದಿನ ನಾನೂ ಇದೇ ಪ್ರಶ್ನೆಯನ್ನು ಕೇಳಿದ್ದೆ.

ಕನ್ನಡ ವರ್ಣಮಾಲೆಯಲ್ಲಿ 13 ಸ್ವರಗಳು, 34 ವ್ಯಂಜನಗಳು, 2 ಯೋಗವಾಹಗಳು ಸೇರಿ 49 ಅಕ್ಷರಗಳಿವೆ. ಆ ಕ್ರಮವನ್ನು ಜೋಡಿಸಿದವರು ವ್ಯಾಕರಣಕಾರರು. ಧ್ವನಿ ಬಾಯಿಯ ಯಾವ ಸ್ಥಾನದಲ್ಲಿ ಹುಟ್ಟುತ್ತದೆ ಎಂಬುದನ್ನು ನೋಡಿ ಜೋಡಿಸಿದ ಬಹಳ ಚೊಕ್ಕವಾದ ಕ್ರಮ ಅದು. ಆದರೆ ಅದು ಭಾಷೆಯನ್ನು ಆಗಲೇ ಬಲ್ಲವರು ಮಾಡಿಕೊಂಡ ವರ್ಗೀಕರಣವೇ ಹೊರತು ಓದು ಕಲಿಯುವ ಮಗುವಿಗಾಗಿ ಮಾಡಿದ್ದಲ್ಲ. ‘ಅ’ದಿಂದ ‘ಔ’ವರೆಗೆ ಸ್ವರಗಳನ್ನೆಲ್ಲ ಬರೆದು ಮುಗಿಸಿದ ಮಗುವಿಗೆ ‘ಈ’, ‘ಆ’ ಎಂದು ಬೆರಳು ಮಾಡಿ ತೋರಿಸುವ ಪದಗಳನ್ನು ಬಿಟ್ಟರೆ ಓದಿ ಅರ್ಥ ಮಾಡಿಕೊಳ್ಳಲು ಹೆಚ್ಚೇನೂ ಸಿಗುವುದಿಲ್ಲ. ಅದರ ಬದಲು ರ, ಗ, ಸ, ದ, ಅ ಎಂಬ ಐದನ್ನು ಕಲಿಸಿ ನೋಡಿ. ಸರ, ದರ, ರಸ, ಅರಸ, ಅಗಸ, ಗರಗಸ ಎಂಬ ಆರು ಪದಗಳು ಅಲ್ಲಿಯೇ ಸಿಕ್ಕವು, ಒಂದಕ್ಕೂ ಕಾಗುಣಿತ ಬೇಕಾಗಲಿಲ್ಲ, ಒತ್ತಕ್ಷರ ಬೇಕಾಗಲಿಲ್ಲ. ಇದಾದ ಮೇಲೆ ಜ, ವ, ಮ, ಬ, ನ ಬರುತ್ತವೆ. ಆಗ ಮರ, ಜನ, ವನ, ದನ, ನಗರ, ಬಸವ ಎಲ್ಲವೂ ಓದಿಗೆ ಸಿಗುತ್ತವೆ. ಮುಂದೆ ‘ಆ’ಕಾರದ ಒಂದೇ ಗುರುತನ್ನು ಕಲಿಸಿದರೆ ಹಳೆಯ ಅಕ್ಷರಗಳೇ ದಾರ, ರಾಗ, ದಾಸ, ಸಾಗರ, ಸರದಾರ ಎಂದು ಹೊಸ ಪದಗಳಾಗುತ್ತವೆ.

ನನ್ನ ತರಗತಿಯ ಒಬ್ಬ ಹುಡುಗ ‘ಗರಗಸ’ವನ್ನು ಗ, ರ, ಗ, ಸ ಎಂದು ಒಂದೊಂದಾಗಿ ಹೇಳಿ, ಎರಡನೇ ಸಲ ಕೂಡಿಸಿ ಹೇಳಿ, ಮೂರನೇ ಸಲ ‘ನಮ್ಮಪ್ಪನ ಹತ್ರ ಐತೆ’ ಎಂದು ಎದ್ದು ನಿಂತುಬಿಟ್ಟ. ಅವನ ತಂದೆ ಬಡಗಿ. ಅಕ್ಷರ ಎಂದರೆ ಮಾತು ಎಂಬುದು ಶಾಲೆಗೆ ಸೇರಿದ ಎರಡನೇ ತಿಂಗಳಲ್ಲಿಯೇ ಅವನಿಗೆ ಹೊಳೆದಿತ್ತು. ಅ, ಆ, ಇ, ಈ ಕ್ರಮದಲ್ಲಿ ‘ಗರಗಸ’ ಓದಬೇಕಾದರೆ ಅವರ್ಗೀಯ ವ್ಯಂಜನವಾದ ‘ಸ’ ಬರುವವರೆಗೆ, ಎಂದರೆ ವರ್ಣಮಾಲೆ ಬಹುಪಾಲು ಮುಗಿಯುವವರೆಗೆ, ಅವನು ಕಾಯಬೇಕಾಗುತ್ತಿತ್ತು. ವರ್ಣಮಾಲೆಯ ಕ್ರಮವನ್ನು ನಾವು ಕೈಬಿಡುವುದಿಲ್ಲ. ಅಕ್ಷರಗಳ ಪರಿಚಯವಾದ ಮೇಲೆ ಅದೂ ಬರುತ್ತದೆ. ಅಕ್ಷರಗಳನ್ನು ಸಾಲಾಗಿ ಹೇಳುವುದು ಬೇರೆ ವಿದ್ಯೆ, ಓದುವುದು ಬೇರೆ ವಿದ್ಯೆ ಎಂದು ತಮ್ಮ ತಾಯಿಯವರಿಗೆ ಹೇಳಿ.

ಇನ್ನು ತಟ್ಟೆಯ ವಿಷಯ. ತರಗತಿಯಲ್ಲಿ ಐದು ಗುಂಪುಗಳಿರುತ್ತವೆ. ಶಿಕ್ಷಕರ ಪೂರ್ಣ ಬೆಂಬಲ ಬೇಕಾದ ಮಕ್ಕಳದು ಒಂದು, ಭಾಗಶಃ ಬೆಂಬಲ ಬೇಕಾದವರದು ಇನ್ನೊಂದು, ಸಹಪಾಠಿಗಳ ಪೂರ್ಣ ಬೆಂಬಲದಲ್ಲಿ ಕಲಿಯುವವರದು ಮೂರನೆಯದು, ಸಹಪಾಠಿಗಳ ಭಾಗಶಃ ಬೆಂಬಲ ಸಾಕಾದವರದು ನಾಲ್ಕನೆಯದು, ತಾವೇ ಕಲಿಯುವವರದು ಐದನೆಯದು. ಈ ಗುಂಪುಗಳು ಜಾಣ, ದಡ್ಡ ಎಂಬ ವಿಂಗಡಣೆಯಲ್ಲ. ಮಗು ಇವತ್ತು ಯಾವ ಚಟುವಟಿಕೆಯಲ್ಲಿದೆಯೋ ಅದಕ್ಕೆ ತಕ್ಕಂತೆ ತಟ್ಟೆ ಬದಲಾಗುತ್ತದೆ. ಹೊಸ ಅಕ್ಷರ ಕಲಿಯುವಾಗ ನನ್ನ ಪಕ್ಕದಲ್ಲಿ ಕೂತಿದ್ದ ಮಗು, ಅದರ ಅಭ್ಯಾಸಕ್ಕೆ ಬಂದಾಗ ಗೆಳತಿಯ ಪಕ್ಕಕ್ಕೆ ಹೋಗುತ್ತದೆ. ಗೋಡೆಯ ಮೇಲಿರುವುದು, ಏನಾದ ಮೇಲೆ ಏನು ಕಲಿಯಬೇಕೆಂದು ತೋರಿಸುವ ಕಲಿಕಾ ಏಣಿ. ಅದನ್ನು ಮೈಲಿಗಲ್ಲುಗಳಾಗಿ ಒಡೆದಿದ್ದಾರೆ. ಒಂದೊಂದು ಮೈಲಿಗಲ್ಲಿನಲ್ಲೂ ಪೂರ್ವಸಿದ್ಧತೆ, ಕಲಿಕೆ, ಅಭ್ಯಾಸ, ಮೌಲ್ಯಮಾಪನ ಎಂಬ ಮೆಟ್ಟಿಲುಗಳಿವೆ. ಮೌಲ್ಯಮಾಪನದ ಕಾರ್ಡಿನಲ್ಲಿ ಎಡವಿದ ಮಗುವಿಗೆ ಪರಿಹಾರ ಬೋಧನೆಯ ಕಾರ್ಡು, ಸಲೀಸಾಗಿ ದಾಟಿದ ಮಗುವಿಗೆ ಪೂರಕ ಕಾರ್ಡು ಇರುತ್ತದೆ. ಕಾರ್ಡಿನ ಮೇಲಿರುವ ಚಿತ್ರದ ಗುರುತನ್ನು ನಾವು ಲೋಗೋ ಎನ್ನುತ್ತೇವೆ. ಓದಲು ಬಾರದ ಮಗುವೂ ಅದನ್ನು ನೋಡಿ ತನ್ನ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಯಾರು ಯಾವ ಮೆಟ್ಟಿಲಿನಲ್ಲಿದ್ದಾರೆ ಎಂಬುದು ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ತಾವು ಶಾಲೆಗೆ ಹೋಗಿ ಅದನ್ನು ತೋರಿಸಿ ಎಂದು ಕೇಳಬಹುದು. ಯಾವ ಶಿಕ್ಷಕರೂ ಇಲ್ಲ ಎನ್ನಲಾರರು.

ಕಡತ:

ಮೇಡಂ ವಿವರಣೆ ಚೆನ್ನಾಗಿದೆ. ಆದರೆ ಒಂದೇ ಕೋಣೆಯಲ್ಲಿ ಮೂರು ತರಗತಿಗಳನ್ನು ಕೂರಿಸಿದ್ದಕ್ಕೆ ಶಿಕ್ಷಕರ ಕೊರತೆ ಕಾರಣವೇ ಹೊರತು ಶಿಕ್ಷಣಶಾಸ್ತ್ರವಲ್ಲ ಎಂಬುದನ್ನೂ ಸೇರಿಸಬೇಕಿತ್ತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗಿನ ಶಾಲೆಗೆ ಇಬ್ಬರು ಶಿಕ್ಷಕರು. ಒಂದರಿಂದ ಐದರವರೆಗೆ ಐದು ತರಗತಿ, ಇಬ್ಬರು ಶಿಕ್ಷಕರು. ಭಾಗಿಸಿದರೆ ಬಹುವರ್ಗ ಬೋಧನೆಯೇ ಬರುವುದು. ಬಡತನಕ್ಕೆ ಒಳ್ಳೆಯ ಹೆಸರಿಟ್ಟಿದ್ದೇವೆ, ಅಷ್ಟೇ.

ಹಾಡಿಮೇಷ್ಟ್ರು:

ಕಡತ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಹೇಳಲು ಹೆಗ್ಗಡದೇವನಕೋಟೆಗೆ ಹೋಗಬೇಕಾಗುತ್ತದೆ. ನಾನು ಆ ಕಡೆಯ ಶಾಲೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು.

ನಲಿ-ಕಲಿ ಆರಂಭವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿ ಇರುವ ಋಷಿ ವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಆ ಸಂಸ್ಥೆಯವರು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಪುಟ್ಟ ಶಾಲೆಗಳನ್ನು ನೋಡಿಬಂದರು. ಆ ಶಾಲೆಗಳಲ್ಲಿ ಪಠ್ಯಪುಸ್ತಕದ ಜಾಗದಲ್ಲಿ ಕಾರ್ಡುಗಳಿದ್ದವು, ಏಣಿ ಇತ್ತು. ನೋಡಿಬಂದವರು ಅದನ್ನು ಹಾಗೆಯೇ ಎತ್ತಿಕೊಂಡು ಬರದೆ, ನಮ್ಮ ಪಠ್ಯಕ್ರಮವನ್ನು ಒಡೆದು, ನಮ್ಮ ಮಕ್ಕಳ ಹಾಡು, ಕತೆ, ಆಟಗಳನ್ನು ಸೇರಿಸಿ ಕಾರ್ಡುಗಳನ್ನು ತಾವೇ ಬರೆದರು. ಮೇಲಿನ ಕಚೇರಿಯಿಂದ ಇಳಿದು ಬಂದದ್ದಲ್ಲ, ತಾಲ್ಲೂಕಿನ ಮೇಷ್ಟ್ರುಗಳು ಕೂತು ಮಾಡಿದ್ದು ಎಂಬುದು ಇದರ ಹೆಚ್ಚುಗಾರಿಕೆ.

ಆ ತಾಲ್ಲೂಕಿಗೇ ಇದು ಬೇಕಾಯಿತು ಏಕೆ ಎಂದರೆ, ಕಾಡಂಚಿನ ಹಾಡಿಗಳ ಜೇನುಕುರುಬ, ಬೆಟ್ಟಕುರುಬ ಮಕ್ಕಳು ವರ್ಷವಿಡೀ ಶಾಲೆಗೆ ಬರುವಂತಿರಲಿಲ್ಲ. ಕೊಡಗಿನಲ್ಲಿ ಕಾಫಿ ಕುಯ್ಲು ಶುರುವಾಯಿತೆಂದರೆ ಅಪ್ಪ ಅಮ್ಮನ ಜೊತೆ ಮಕ್ಕಳೂ ಜೀಪು ಹತ್ತುತ್ತಿದ್ದರು. ಡಿಸೆಂಬರಿನಲ್ಲಿ ಹೋದ ಹುಡುಗ ಮಾರ್ಚಿನಲ್ಲಿ ಬಂದು ಕೂತಾಗ, ಪಠ್ಯಪುಸ್ತಕದ ತರಗತಿಯಲ್ಲಾದರೆ ಎಲ್ಲರೂ ಹದಿನೆಂಟನೇ ಪಾಠದಲ್ಲಿ, ಇವನೊಬ್ಬ ಒಂಬತ್ತರಲ್ಲಿ. ಒಂದು ವಾರ ಕಿಟಕಿಯ ಕಡೆ ನೋಡುತ್ತ ಕೂತು ಎಂಟನೇ ದಿನ ಬರುವುದನ್ನೇ ಬಿಡುತ್ತಿದ್ದ. ಏಣಿಯಲ್ಲಿ ಹಾಗಾಗುವುದಿಲ್ಲ. ಅವನು ಬಿಟ್ಟುಹೋದ ಮೆಟ್ಟಿಲು ಅಲ್ಲಿಯೇ ಇರುತ್ತದೆ, ಬಂದವನು ಆ ಕಾರ್ಡಿನಿಂದಲೇ ಮುಂದುವರಿಯುತ್ತಾನೆ, ‘ನೀನು ಫೇಲು’ ಎಂದು ಯಾರೂ ಹೇಳಬೇಕಾಗುವುದಿಲ್ಲ. ಶಿಕ್ಷಕರು ಸಾಕಷ್ಟು ಇದ್ದಿದ್ದರೂ ಈ ಸಮಸ್ಯೆ ತೀರುತ್ತಿರಲಿಲ್ಲ, ಕಡತ ಅವರೇ. ತರಗತಿಗೊಬ್ಬರಂತೆ ಐವರನ್ನು ಕೊಟ್ಟರೂ ಕಾಫಿ ಕುಯ್ಲಿಗೆ ಹೋದ ಹುಡುಗ ಕುಯ್ಲಿಗೇ ಹೋಗುತ್ತಿದ್ದ.

2009-10ರಲ್ಲಿ ಇದನ್ನು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಿದರು. ಅಲ್ಲಿಂದ ಮುಂದೆ ಕಾರ್ಡು ಬರೆಯುವ ಕೆಲಸ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಅಚ್ಚಾದ ಕಟ್ಟು ಬಂತು, ಕೈಪಿಡಿ ಬಂತು, ತಪಾಸಣೆಯ ನಮೂನೆ ಬಂತು. ಇಡೀ ರಾಜ್ಯಕ್ಕೆ ಒಯ್ಯಬೇಕಾದರೆ ಅದು ಅನಿವಾರ್ಯವಿತ್ತೇನೋ. ಆದರೂ ತಾನು ಬರೆದ ಕಾರ್ಡು ಕೆಲಸ ಮಾಡದಿದ್ದರೆ ಸಂಜೆ ಕೂತು ಹರಿದು ಹೊಸದು ಬರೆಯುವ ಮೇಷ್ಟ್ರಿಗೂ, ಅಚ್ಚಾದ ಕಾರ್ಡು ಕೆಲಸ ಮಾಡದಿದ್ದರೆ ಮಗುವಿನ ಮೇಲೆ ತಪ್ಪು ಹೊರಿಸುವ ಮೇಷ್ಟ್ರಿಗೂ ವ್ಯತ್ಯಾಸವಿದೆ. ನಾನು ಎರಡೂ ಆಗಿದ್ದವನು, ಆದ್ದರಿಂದ ಹೇಳುತ್ತಿದ್ದೇನೆ.

ನಾಲ್ಕನೇಕೋಣೆ:

ಇತಿಹಾಸ ಕೇಳಲು ಇಂಪಾಗಿದೆ. ನಾನು ನಾಲ್ಕನೇ ತರಗತಿಯ ಮೇಷ್ಟ್ರು. ನಲಿ-ಕಲಿಯಲ್ಲಿ ನಲಿದು ಬಂದ ಮಕ್ಕಳು ಮೊದಲ ದಿನ ನನ್ನ ಕೋಣೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನು ಹೇಳಲೇಬೇಕು. ಅವರು ಕಾರ್ಡು ಇಡುವ ಜಾಗವನ್ನು ಹುಡುಕುತ್ತಾರೆ. ಹೋದ ಮೂರು ವರ್ಷ ಚಾಪೆಯ ಮೇಲೆ ವೃತ್ತದಲ್ಲಿ ಕೂತಿದ್ದವರು ಈಗ ಬೆಂಚಿನಲ್ಲಿ ಸಾಲಾಗಿ ಕೂರಬೇಕು. ಒಂದೊಂದು ಕಾರ್ಡಿನಲ್ಲಿ ನಾಲ್ಕೈದು ಸಾಲು ಓದಿದ್ದವರ ಕೈಗೆ ಈಗ ಪಠ್ಯಪುಸ್ತಕ ಬರುತ್ತದೆ, ಅದರಲ್ಲಿ ಎರಡು ಪುಟದ ಗದ್ಯ, ಕೊನೆಯಲ್ಲಿ ಪದಗಳ ಅರ್ಥ, ಬಿಟ್ಟ ಸ್ಥಳ, ಎರಡು ಮೂರು ವಾಕ್ಯಗಳ ಉತ್ತರ. ‘ಓದಿ, ಅರ್ಥ ಮಾಡಿಕೊಂಡು, ನಿಮ್ಮ ಮಾತಿನಲ್ಲಿ ಬರೆಯಿರಿ’ ಎಂದರೆ ಅರ್ಧ ಮಕ್ಕಳು ಪಾಠದ ಮೊದಲ ಸಾಲಿನಿಂದ ನಕಲು ಮಾಡಲು ಆರಂಭಿಸುತ್ತಾರೆ.

ಇಬ್ಬರು ಶಿಕ್ಷಕರು ಎರಡು ಬೇರೆ ಬೇರೆ ಪಠ್ಯಕ್ರಮಗಳನ್ನು ನಡೆಸುತ್ತಿದ್ದೇವೆ, ನಡುವೆ ಒಂದು ಸೇತುವೆ ಇಲ್ಲ ಎಂಬುದೇ ನನ್ನ ದೂರು. ಕೋವಿಡ್ ಕಾಲದಲ್ಲಿ ಇದು ಇನ್ನೂ ಕೆಟ್ಟದಾಗಿ ಕಂಡಿತು. 2020ರಲ್ಲಿ ಒಂದನೇ ತರಗತಿಗೆ ಹೆಸರು ಬರೆಸಿದ ಮಗು ಮೊದಲ ಬಾರಿ ತರಗತಿಯಲ್ಲಿ ಕೂತದ್ದು 2021ರ ಅಕ್ಟೋಬರ್ ಕೊನೆಯಲ್ಲಿ, ಎರಡನೇ ತರಗತಿಯ ವಿದ್ಯಾರ್ಥಿಯಾಗಿ. 2022-23ನ್ನು ಕಲಿಕಾ ಚೇತರಿಕೆ ವರ್ಷವೆಂದು ನಡೆಸಿ ಕಲಿಕಾ ಹಾಳೆಗಳನ್ನು ಕೊಟ್ಟರು. ಹಾಳೆ ತುಂಬಿಸಿದೆವು, ನಿಜ. ಆದರೆ ಆ ತಂಡ ನನ್ನ ಬಳಿಗೆ ಬಂದಾಗ ಒತ್ತಕ್ಷರ ಬಂದ ಕಡೆಯಲ್ಲೆಲ್ಲ ನಿಲ್ಲುತ್ತಿತ್ತು. ‘ಅಕ್ಕ’ವನ್ನು ‘ಅಕ’ ಎಂದು ಓದುವ ಒಂಬತ್ತು ವರ್ಷದ ಮಕ್ಕಳು ನನ್ನ ಮುಂದೆ ಸಾಲಾಗಿ ಕೂತಿದ್ದರು. ಪ್ರಗತಿ ನೋಟದಲ್ಲಿ ಮಾತ್ರ ಎಲ್ಲರೂ ಏಣಿಯ ತುದಿ ಮುಟ್ಟಿದ್ದರು.

ಸೀಮೆಸುಣ್ಣ:

ಸರ್, ತಮ್ಮ ಕೊನೆಯ ವಾಕ್ಯ ನನ್ನ ಮೇಲೆಯೇ ಬಿತ್ತು. ಅದನ್ನು ಅಲ್ಲಗಳೆಯುವುದಿಲ್ಲ.

ಒಂದು ವರ್ಷ ನನ್ನ ತರಗತಿಯಲ್ಲಿ ಮೂರೂ ತರಗತಿ ಸೇರಿ 41 ಮಕ್ಕಳಿದ್ದರು. ಕಾರ್ಡುಗಳ ಕಟ್ಟು ಬಂದದ್ದೇ ತಡವಾಗಿ, ಬಂದ ಕಟ್ಟಿನಲ್ಲಿ ಕೆಲವು ಕಾರ್ಡುಗಳೇ ಇರಲಿಲ್ಲ. ಇಂಥ ಹೊತ್ತಿನಲ್ಲಿ ಶಿಕ್ಷಕಿ ಮೊದಲು ಕೈಬಿಡುವುದು ಯಾವುದನ್ನು ಎಂದು ಪ್ರಾಮಾಣಿಕವಾಗಿ ಹೇಳುತ್ತೇನೆ: ಪರಿಹಾರ ಬೋಧನೆಯ ಕಾರ್ಡನ್ನು. ಹಾಡು ಬಿಟ್ಟರೆ ಮಕ್ಕಳು ಕೇಳುತ್ತಾರೆ, ಹೊಸ ಅಕ್ಷರ ಬಿಟ್ಟರೆ ಪ್ರಗತಿ ನೋಟದಲ್ಲಿ ಕಾಣುತ್ತದೆ, ದಾಖಲೆ ಬಿಟ್ಟರೆ ತಪಾಸಣೆಗೆ ಬಂದವರು ಕೇಳುತ್ತಾರೆ. ಎಡವಿದ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಕಲಿಸುವ ಹದಿನೈದು ನಿಮಿಷವನ್ನು ಬಿಟ್ಟರೆ ಯಾರೂ ಕೇಳುವುದಿಲ್ಲ, ಆ ಮಗುವೂ ಕೇಳುವುದಿಲ್ಲ. ಆದರೆ ಏಣಿ ನಿಂತಿರುವುದೇ ಆ ಮೆಟ್ಟಿಲಿನ ಮೇಲೆ. ಅದನ್ನು ತೆಗೆದರೆ ನಲಿ-ಕಲಿಗೂ ಎಲ್ಲರನ್ನೂ ಒಟ್ಟಿಗೆ ದೂಡಿಕೊಂಡು ಹೋಗುವ ಹಳೆಯ ಪದ್ಧತಿಗೂ ಕಾರ್ಡಿನ ಬಣ್ಣದ ಹೊರತು ಬೇರೆ ವ್ಯತ್ಯಾಸ ಇರುವುದಿಲ್ಲ. ಆ ವರ್ಷ ನಾನೂ ಕೆಲವರ ಹೆಸರಿನ ಮುಂದೆ ಮಾಡದ ಮೆಟ್ಟಿಲುಗಳಿಗೆ ಗುರುತು ಹಾಕಿದ್ದೇನೆ.

ಸೇತುವೆಯ ಬಗ್ಗೆ ತಾವು ಹೇಳಿದ್ದು ಸರಿ, ಆದರೆ ಅದನ್ನು ಶಾಲೆಯೊಳಗೇ ಕಟ್ಟಬಹುದು ಎಂಬುದು ನನ್ನ ಅನುಭವ. ನಮ್ಮಲ್ಲಿ ಈಗ ಮೂರನೇ ತರಗತಿಯ ಮಕ್ಕಳಿಗೆ ಜನವರಿಯಿಂದ ವಾರಕ್ಕೆ ಎರಡು ಅವಧಿ ಕಾರ್ಡು ಕೊಡುವುದಿಲ್ಲ. ಶಾಲೆಯ ಗ್ರಂಥಾಲಯದ ಕತೆಪುಸ್ತಕ ಕೊಟ್ಟು, ಓದಿದ ಮೇಲೆ ಪುಸ್ತಕ ಮುಚ್ಚಿಸಿ, ‘ಏನಾಯಿತು ಹೇಳು’ ಎನ್ನುತ್ತೇವೆ. ಹೇಳಿದ್ದನ್ನೇ ಬರೆಯಲು ಹೇಳುತ್ತೇವೆ. ಮುಚ್ಚಿದ ಪುಸ್ತಕದಿಂದ ನಕಲು ಮಾಡಲು ಆಗುವುದಿಲ್ಲವಲ್ಲ. ನಾಲ್ಕನೇ ತರಗತಿಯ ಸರ್ ಕೂಡ ಜೂನ್ ತಿಂಗಳಿಡೀ ಬೆಂಚುಗಳನ್ನು ಗೋಡೆಗೆ ಸರಿಸಿ ಗುಂಪಿನಲ್ಲಿಯೇ ಪಾಠ ಮಾಡುತ್ತಾರೆ. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಚಹಾ ಕುಡಿಯುವಾಗ ಇಬ್ಬರೂ ಜಗಳವಾಡಿ ಒಪ್ಪಿಕೊಂಡದ್ದು.

ಕಡಲತಡಿ:

ದಕ್ಷಿಣ ಕನ್ನಡದ ಶಾಲೆಯಿಂದ ಒಂದು ಮಾತು. ಮೇಲಿನ ಚರ್ಚೆಯೆಲ್ಲ ಮಗುವಿನ ಮನೆಮಾತು ಕನ್ನಡವೇ ಎಂದು ಭಾವಿಸಿಕೊಂಡು ನಡೆದಿದೆ. ನನ್ನ ತರಗತಿಯಲ್ಲಿ ಹೆಚ್ಚಿನವರ ಮನೆಮಾತು ತುಳು, ಕೆಲವರದು ಬ್ಯಾರಿ, ಕೂಲಿಗಾಗಿ ಬಂದವರ ಇಬ್ಬರು ಮಕ್ಕಳದು ಲಂಬಾಣಿ. ‘ದ’ ಅಕ್ಷರ ಕಲಿಸಲು ನಾನು ಹಲಗೆಯ ಮೇಲೆ ಚೆಂದವಾಗಿ ಒಂದು ದನದ ಚಿತ್ರ ಬರೆದು ‘ಇದೇನು?’ ಎಂದೆ. ಇಡೀ ತರಗತಿ ಒಂದೇ ದನಿಯಲ್ಲಿ ‘ಪೆತ್ತ’ ಎಂದಿತು. ಚಿತ್ರ ನೋಡಿ ಪದ ಹೇಳಿ, ಪದದ ಮೊದಲ ಧ್ವನಿಯಿಂದ ಅಕ್ಷರಕ್ಕೆ ಬರುವ ವಿಧಾನವಿದು. ನನ್ನ ಮಕ್ಕಳು ಹೇಳಿದ ಪದದ ಮೊದಲ ಧ್ವನಿ ‘ಪೆ’. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ನನ್ನ ಪಾಠವೇ ತಪ್ಪಾಗಿತ್ತು.

ಆಗಿನಿಂದ ಕ್ರಮವನ್ನು ಸ್ವಲ್ಪ ಬದಲಿಸಿಕೊಂಡಿದ್ದೇನೆ. ಮೊದಲ ಮೂರು ವಾರ ಅಕ್ಷರವೇ ಇಲ್ಲ, ಮಾತು ಮಾತ್ರ. ಮಕ್ಕಳು ತುಳುವಿನಲ್ಲಿ ಕತೆ ಹೇಳುತ್ತಾರೆ, ನಾನು ಅದನ್ನೇ ಕನ್ನಡದಲ್ಲಿ ತಿರುಗಿ ಹೇಳುತ್ತೇನೆ. ‘ಪೆತ್ತ’ಕ್ಕೆ ಶಾಲೆಯಲ್ಲಿ ಇನ್ನೊಂದು ಹೆಸರಿದೆ ಎಂದು ಗೊತ್ತಾದ ಮೇಲೆಯೇ ‘ದ’ ಬರುತ್ತದೆ. ‘ಮರ’ದಂತಹ ಪದಗಳು ಎರಡೂ ಭಾಷೆಯಲ್ಲಿ ಒಂದೇ ಆಗಿರುವುದರಿಂದ ಅವು ನನಗೆ ಬಂಗಾರ, ಅಂಥವುಗಳ ಪಟ್ಟಿಯನ್ನೇ ಮಾಡಿ ಮೇಜಿನ ಗಾಜಿನಡಿಯಲ್ಲಿ ಇಟ್ಟುಕೊಂಡಿದ್ದೇನೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೂ ಮನೆಮಾತಿಗೆ ಜಾಗ ಕೊಡಬೇಕೆಂದು ಹೇಳುತ್ತವೆ. ಚೌಕಟ್ಟು ಹೇಳಿದ್ದು ಕಾರ್ಡಿಗೆ ಬರುವಷ್ಟರಲ್ಲಿ ನನ್ನ ಈಗಿನ ಮಕ್ಕಳು ಹೈಸ್ಕೂಲಿಗೆ ಹೋಗಿರುತ್ತಾರೆ.

ಕನ್ನಡದ ಮನೆಗಳಲ್ಲೂ ಇದು ಇಲ್ಲದಿಲ್ಲ. ಸೀಮೆಸುಣ್ಣ ಮೇಡಂ ಕೊಟ್ಟ ಪಟ್ಟಿಯಲ್ಲಿ ‘ದರ’ ಇದೆ. ಅಂಗಡಿಗೆ ಹೋಗಿ ಬರುವ ಎಷ್ಟು ಮಕ್ಕಳಿಗೆ ‘ದರ’ ಗೊತ್ತು, ಎಷ್ಟು ಮಕ್ಕಳಿಗೆ ‘ರೇಟು’ ಗೊತ್ತು?

ಸೀಮೆಸುಣ್ಣ:

ಮೇಡಂ, ‘ದರ’ವನ್ನು ಹಿಂತೆಗೆದುಕೊಂಡೆ. ಆ ಪದ ಬಂದಾಗ ನಮ್ಮಲ್ಲಿಯೂ ಒಂದು ಮಗು ‘ದಾರ ಅಂತ ಬರೀಬೇಕಿತ್ತು, ತಪ್ಪಾಗಿದೆ’ ಎಂದು ನನ್ನನ್ನೇ ತಿದ್ದಿತ್ತು.

ಲೆಕ್ಕದಕಡ್ಡಿ:

ಎಲ್ಲರೂ ಅಕ್ಷರದ ಬಗ್ಗೆಯೇ ಬರೆದಿದ್ದೀರಿ. ಗಣಿತದಲ್ಲಿಯೂ ಕ್ರಮದ ಪ್ರಶ್ನೆ ಅಷ್ಟೇ ದೊಡ್ಡದು, ಆದ್ದರಿಂದ ಸ್ವಲ್ಪ ಜಾಗ ಕೊಡಿ.

ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಆರಂಭಿಸಿದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿಗಳ ಪ್ರಕಾರ ಒಂದನೇ ತರಗತಿಯ ಮಗು 99ರವರೆಗೆ, ಎರಡನೆಯದು 999ರವರೆಗೆ, ಮೂರನೆಯದು 9,999ರವರೆಗೆ ಸಂಖ್ಯೆಗಳನ್ನು ಓದಿ ಬರೆಯಬೇಕು. ಗುರಿ ಸರಿ, ದಾರಿ ಯಾವುದು ಎಂಬುದೇ ಪ್ರಶ್ನೆ. ಕನ್ನಡ ನಮಗೆ ಒಂದು ಉಪಕಾರ ಮಾಡಿದೆ: ಇಪ್ಪತ್ತು ದಾಟಿದ ಮೇಲೆ ಇಪ್ಪತ್ತೊಂದು, ಮೂವತ್ತೆರಡು, ನಲವತ್ತಮೂರು ಎಂದು ಹತ್ತು ಮೊದಲು, ಬಿಡಿ ಆಮೇಲೆ ಎಂಬ ನೇರ ಕ್ರಮದಲ್ಲಿಯೇ ಹೇಳುತ್ತೇವೆ, ಬರೆಯುವುದೂ ಅದೇ ಕ್ರಮದಲ್ಲಿ. ಆದರೆ ಎರಡು ಕಡೆ ನಮ್ಮ ಭಾಷೆಯೇ ಮಗುವಿಗೆ ಅಡ್ಡಗಾಲು ಹಾಕುತ್ತದೆ. ಮೊದಲನೆಯದು: ಒಂಬತ್ತು, ಎಂಬತ್ತು, ತೊಂಬತ್ತು. ಕಿವಿಗೆ ಮೂರೂ ಅಕ್ಕಪಕ್ಕದ ಮನೆಯವು. ಎಪ್ಪತ್ತೊಂಬತ್ತಾದ ಮೇಲೆ ಏನೆಂದರೆ ‘ತೊಂಬತ್ತು’ ಎನ್ನುವ ಮಕ್ಕಳು ಪ್ರತಿ ವರ್ಷವೂ ಸಿಗುತ್ತಾರೆ. ಇನ್ನೊಂದು, ‘ನೂರೈದು’. ನೂರಕ್ಕೆ 100 ಎಂದು ಗೊತ್ತು, ಐದಕ್ಕೆ 5 ಎಂದು ಗೊತ್ತು, ಆದ್ದರಿಂದ ಮಗು ಬಹಳ ತರ್ಕಬದ್ಧವಾಗಿ 1005 ಎಂದು ಬರೆಯುತ್ತದೆ. ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದರೆ ಮಗು ಕಲಿಯುವುದು ‘ನನಗೆ ಲೆಕ್ಕ ಬರುವುದಿಲ್ಲ’ ಎಂಬುದನ್ನು ಮಾತ್ರ.

ನಾನು ಮಾಡುವುದು ಇಷ್ಟು. ತೆಂಗಿನ ಗರಿಯ ಕಡ್ಡಿಗಳನ್ನು ಒಂದೇ ಅಳತೆಗೆ ಕತ್ತರಿಸಿ, ಹತ್ತನ್ನು ಒಂದು ಕಟ್ಟು ಮಾಡಿ, ಹತ್ತು ಕಟ್ಟುಗಳನ್ನು ಒಂದು ಹೊರೆ ಮಾಡಿ ಮಕ್ಕಳ ಕೈಯಲ್ಲೇ ಕಟ್ಟಿಸುತ್ತೇನೆ. 1005 ಬರೆದ ಮಗುವಿಗೆ ‘ಇದನ್ನು ಕಡ್ಡಿಯಲ್ಲಿ ತೋರಿಸು’ ಎಂದರೆ ಅದು ಒಂದು ಹೊರೆ, ಐದು ಬಿಡಿ ಕಡ್ಡಿ ಇಡುತ್ತದೆ. ‘ಕಟ್ಟು ಎಷ್ಟಿದೆ?’ ‘ಇಲ್ಲ.’ ‘ಇಲ್ಲ ಎನ್ನುವುದನ್ನು ಹೇಗೆ ಬರೆಯುತ್ತೀ?’ ಅಲ್ಲಿ ಸೊನ್ನೆ ಹುಟ್ಟುತ್ತದೆ. ಈ ಒಂದು ಮಾತುಕತೆಗೆ ಒಬ್ಬ ಮಗುವಿಗೆ ಮೂರು ನಿಮಿಷ ಸಾಕು, ಆದರೆ ಆ ಮಗುವಿಗೆ ಅದು ಯಾವ ದಿನ ಬೇಕಾಗುತ್ತದೆ ಎಂಬುದನ್ನು ಯಾವ ವಾರ್ಷಿಕ ಯೋಜನೆಯೂ ಮೊದಲೇ ಹೇಳಲಾರದು. ಏಣಿಯ ಪರವಾಗಿ ನನ್ನ ವಾದ ಇಷ್ಟೇ. ಹೊರೆ ಕಟ್ಟದ ಮಗುವಿನ ಕೈಗೆ ಸಾವಿರದ ಕಾರ್ಡು ಕೊಡಬೇಡಿ ಎಂದು ಅದು ನನ್ನನ್ನು ತಡೆಯುತ್ತದೆ. ಮಗ್ಗಿಯ ಬಾಯಿಪಾಠ ಬೇಡವೇ ಎಂದು ಕೇಳುವವರಿಗೆ: ಬೇಕು, ಅದು ಹೊರೆ ಕಟ್ಟಿದ ಮೇಲೆ.

ಏಳನೇಮಹಡಿ:

ನಾನು ಬೆಂಗಳೂರಿನ ಖಾಸಗಿ ಶಾಲೆಯೊಂದರಲ್ಲಿ ಪ್ರಾಥಮಿಕ ವಿಭಾಗದ ಸಂಯೋಜಕಿ. ನಮ್ಮಲ್ಲಿ ಪಠ್ಯಕ್ರಮ ರೂಪಿಸುವುದು ಎಂದರೆ ಏಪ್ರಿಲ್‌ನಲ್ಲಿ ಪ್ರಕಾಶಕರ ಪುಸ್ತಕಗಳನ್ನು ಆರಿಸಿ, ಪಾಠಗಳನ್ನು ವಾರಗಳಿಗೆ ಹಂಚಿ, ಎಲ್ಲ ವಿಭಾಗಗಳೂ ಒಂದೇ ದಿನ ಒಂದೇ ಪುಟದಲ್ಲಿರುವಂತೆ ನೋಡಿಕೊಳ್ಳುವುದು. ಒಂದು ವಿಭಾಗ ಎರಡು ದಿನ ಹಿಂದೆ ಬಿದ್ದರೆ ಪೋಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಸಂಜೆಯೊಳಗೆ ಪ್ರಶ್ನೆ ಬರುತ್ತದೆ. ನಮ್ಮಲ್ಲಿ ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಶಿಕ್ಷಕಿ ಇದ್ದಾರೆ, ಗೋಡೆಯ ಮೇಲೆ ಪರದೆ ಇದೆ. ಆದರೆ ಎಡವಿದ ಮಗುವಿಗೆ ಮತ್ತೊಂದು ಮೆಟ್ಟಿಲು ನಮ್ಮ ಯೋಜನೆಯಲ್ಲಿಯೇ ಇಲ್ಲ. ಅದನ್ನು ನಾವು ಮನೆಪಾಠಕ್ಕೆ ಬಿಟ್ಟಿದ್ದೇವೆ. ನಿಮ್ಮಲ್ಲಿ ಮೆಟ್ಟಿಲು ಇದೆ, ಹತ್ತಿಸಲು ಸಮಯವಿಲ್ಲ. ನಮ್ಮಲ್ಲಿ ಸಮಯವಿದೆ ಎಂದು ಹೇಳಬಹುದು, ಮೆಟ್ಟಿಲಿಲ್ಲ. ಯಾವುದು ವಾಸಿ ಎಂದು ನಿಜಕ್ಕೂ ಹೇಳಲಾರೆ.

ಕಡತ:

ಸಮಯದ ಮಾತು ಬಂದದ್ದರಿಂದ ಒಂದು ಲೆಕ್ಕ. ನಾನು ಮೊದಲು ಹೇಳಿದ ಶಿಕ್ಷಣ ಹಕ್ಕು ಕಾಯ್ದೆ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ಕೆಲಸದ ದಿನ, 800 ಬೋಧನಾ ಗಂಟೆ ಎಂದು ನಿಗದಿ ಮಾಡಿದೆ, ಎಂದರೆ ದಿನಕ್ಕೆ ನಾಲ್ಕು ಗಂಟೆ. 30 ಮಕ್ಕಳ ಬಹುವರ್ಗ ತರಗತಿಯಲ್ಲಿ ಒಬ್ಬ ಶಿಕ್ಷಕಿ ಬೇರೇನೂ ಮಾಡದೆ ಪ್ರತಿ ಮಗುವಿನ ಪಕ್ಕದಲ್ಲಿಯೇ ಕೂತರೂ ಒಂದು ಮಗುವಿಗೆ ದಿನಕ್ಕೆ ಎಂಟು ನಿಮಿಷ. ಸೀಮೆಸುಣ್ಣ ಅವರ 41 ಮಕ್ಕಳ ತರಗತಿಯಲ್ಲಿ ಆರು ನಿಮಿಷವೂ ಇಲ್ಲ, ಅದರಲ್ಲೇ ಹಾಜರಾತಿ, ಹಾಲು, ಊಟದ ಲೆಕ್ಕ, ಆನ್‌ಲೈನ್ ದಾಖಲೆ. ನಾನು ಮೊದಲು ಬಡತನ ಎಂದದ್ದು ಇದನ್ನು. ಮೇಷ್ಟ್ರು ಹೇಳಿದ ಕಾಫಿ ಕುಯ್ಲಿನ ಹುಡುಗನ ವಿಷಯವನ್ನು ಒಪ್ಪುತ್ತೇನೆ. ಅದನ್ನು ನಾನು ಯೋಚಿಸಿರಲಿಲ್ಲ.

ಹಾಡಿಮೇಷ್ಟ್ರು:

ಆ ಎಂಟು ನಿಮಿಷದ ಲೆಕ್ಕವನ್ನು ನೋಡಿಯೇ ಐದು ತಟ್ಟೆ ಮಾಡಿದ್ದು, ಕಡತ ಅವರೇ. ಐದರಲ್ಲಿ ಮೂರು ತಟ್ಟೆಗಳು ನಮ್ಮ ನೆರವಿಲ್ಲದೆ ನಡೆದರೆ ಎಂಟು ನಿಮಿಷ ಇಪ್ಪತ್ತಾಗುತ್ತದೆ. ನಡೆಯದಿದ್ದರೆ ಗದ್ದಲವಾಗುತ್ತದೆ. ತಟ್ಟೆಗಳು ತಾವಾಗಿ ನಡೆಯುವಂತೆ ಮಕ್ಕಳನ್ನು ಪಳಗಿಸಲು ನನಗೆ ಜೂನ್, ಜುಲೈ ಎರಡೂ ತಿಂಗಳು ಬೇಕಾಗುತ್ತಿತ್ತು, ಆ ಎರಡು ತಿಂಗಳಲ್ಲಿ ಏಣಿಯಲ್ಲಿ ಯಾರೂ ಹೆಚ್ಚು ಮೇಲೆ ಹೋಗುತ್ತಿರಲಿಲ್ಲ. ಆಗಸ್ಟ್‌ನಲ್ಲಿ ತಪಾಸಣೆಗೆ ಬಂದವರು ‘ಇಷ್ಟೇ ಏನ್ರೀ?’ ಎನ್ನುತ್ತಿದ್ದರು. ಎನ್ನಲಿ ಎಂದು ಸುಮ್ಮನಿರುವುದನ್ನು ಕಲಿಯಲು ನನಗೆ ಆರು ವರ್ಷ ಹಿಡಿಯಿತು.

ಹೊಸಮನೆ:

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋಗಿದ್ದೆ. ಮೇಡಂ ಒಳಗೆ ಬಂದು ಕೂರಿ ಎಂದರು. ಕೋಣೆಯ ಮೇಲ್ಭಾಗದಲ್ಲಿ ದಾರಗಳನ್ನು ಚಪ್ಪರದಂತೆ ಕಟ್ಟಿ ಮಕ್ಕಳ ಚಿತ್ರಗಳನ್ನು ತೂಗುಹಾಕಿದ್ದಾರೆ. ಗೋಡೆಯ ಕೆಳಭಾಗಕ್ಕೆ ಮಕ್ಕಳ ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಭಾಗ ಬಿಟ್ಟಿದ್ದಾರೆ. ನನ್ನ ಮಗಳು ಒಂದು ಕಾರ್ಡು ತಂದು, ಪಕ್ಕದ ಹುಡುಗಿಗೆ ತೋರಿಸಿ, ಅವಳು ತಲೆಯಾಡಿಸಿದ ಮೇಲೆ ತನ್ನ ಭಾಗದಲ್ಲಿ ‘ಅಗಸ’ ಎಂದು ಬರೆದಳು. ‘ಸ’ ಸ್ವಲ್ಪ ಮಲಗಿತ್ತು. ಆ ಹುಡುಗಿ ಎರಡನೇ ತರಗತಿಯವಳು. ಅಂಗೈಯಿಂದ ಒರೆಸಿ ‘ಇನ್ನೊಂದ್ಸಲ’ ಎಂದಳು, ಥೇಟು ಮೇಡಂ ದನಿಯಲ್ಲಿ.

ಪ್ರಗತಿ ನೋಟವನ್ನು ಕೇಳಿದೆ, ತೋರಿಸಿದರು. ಮಗಳ ಹೆಸರಿನ ಮುಂದೆ ಒಂದು ಕಡೆ ಗುರುತು ಹಾಕದೆ ಬಿಟ್ಟಿದ್ದರು. ಏಕೆ ಎಂದದ್ದಕ್ಕೆ, ‘ಅವಳಿಗೆ ಇನ್ನೂ ದ ಅಕ್ಷರ ಮತ್ತು ಅದರ ಧ್ವನಿ ಸರಿಯಾಗಿ ಕೂಡಿಲ್ಲ, ಮುಂದಿನ ವಾರ ನನ್ನ ಪಕ್ಕ ಕೂರಿಸಿಕೊಳ್ಳುತ್ತೇನೆ’ ಎಂದರು. ಇಲ್ಲಿ ಓದಿದ್ದು ನೆನಪಾಗಿ, ಆ ಖಾಲಿ ಜಾಗವನ್ನು ಕಂಡು ನನಗೆ ಸಮಾಧಾನವೇ ಆಯಿತು. ಒಂದು ಪ್ರಶ್ನೆ ಉಳಿದಿದೆ. ಮನೆಯಲ್ಲಿ ನನ್ನ ತಾಯಿ ಸಂಜೆ ಅ, ಆ, ಇ, ಈ ಹೇಳಿಸುತ್ತಿದ್ದಾರೆ. ಅದನ್ನು ನಿಲ್ಲಿಸಬೇಕೇ?

ಸೀಮೆಸುಣ್ಣ:

ಖಂಡಿತ ನಿಲ್ಲಿಸಬೇಡಿ. ಹಾಡಿನಂತೆ ಬಾಯಲ್ಲಿ ಹೇಳಿಸಲಿ, ಬರೆಸುವುದನ್ನು ಮಾತ್ರ ಶಾಲೆಯ ಅಕ್ಷರಗಳಿಗೆ ಬಿಟ್ಟರೆ ಸಾಕು. ತಮ್ಮ ತಾಯಿಯವರಿಗೆ ಕತೆಗಳು ಗೊತ್ತಿದ್ದರೆ ಒಂದು ದಿನ ಶಾಲೆಗೆ ಬಂದು ಮಕ್ಕಳಿಗೆ ಹೇಳಬಹುದೇ ಎಂದು ಮೇಡಂ ಅವರನ್ನು ಕೇಳಿ ನೋಡಿ. ನಮ್ಮ ಶಾಲೆಗೆ ಹಾಗೆ ಬರುವ ಅಜ್ಜಿಯೊಬ್ಬರು ಬಂದ ದಿನ ಐದೂ ತಟ್ಟೆಗಳು ಒಂದಾಗಿಬಿಡುತ್ತವೆ, ನನಗೆ ಮೂಲೆಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಪರಿಹಾರದ ಕಾರ್ಡು ತೆಗೆಯಲು ಮುಕ್ಕಾಲು ಗಂಟೆ ಸಿಗುತ್ತದೆ.